ಟಿಎಸ್‌ಎಚ್ ಅಂಕಿಯ ಹಿಂದಿನ ನಿಧಾನ: ಮಲೆನಾಡಿನ ಉಪ್ಪು, ಕಾಫಿ ಮತ್ತು ಥೈರಾಯ್ಡ್

ಶಿವಮೊಗ್ಗದ ಲ್ಯಾಬುಗಳಲ್ಲಿ ಬೆಳಗಿನ ಹೊತ್ತು ರಕ್ತ ಕೊಡಲು ಕಾದು ಕುಳಿತವರ ನಡುವೆ ಥೈರಾಯ್ಡ್ ಪರೀಕ್ಷೆಗೆಂದು ಬಂದವರು ಇದ್ದೇ ಇರುತ್ತಾರೆ, ಅವರಲ್ಲಿ ಹೆಂಗಸರೇ ಹೆಚ್ಚು. ಸಂಜೆ ಕೈಗೆ ಬರುವ ಹಾಳೆಯಲ್ಲಿ ಟಿ3, ಟಿ4, ಟಿಎಸ್‌ಎಚ್ ಎಂದು ಮೂರು ಸಾಲುಗಳಿದ್ದು, ಮೂರನೆಯ ಸಾಲಿನ ಅಂಕಿ ಮಿತಿ ದಾಟಿದ್ದರೆ ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ನೋಡಿದವರು ಮನೆಗೆ ಬಂದು ಹೇಳುವ ಮಾತು ಸಾಮಾನ್ಯವಾಗಿ ಒಂದೇ: 'ಥೈರಾಯ್ಡ್ ಜಾಸ್ತಿ ಆಗಿದೆಯಂತೆ'. ವಾಸ್ತವದಲ್ಲಿ ಹೆಚ್ಚಿನವರಲ್ಲಿ ಆಗಿರುವುದು ಇದಕ್ಕೆ ತೀರಾ ವಿರುದ್ಧ. ಅವರ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಕೊಡುತ್ತಿಲ್ಲ, ಆ ಕೊರತೆಯ ಕಾರಣಕ್ಕೇ ಟಿಎಸ್‌ಎಚ್ ಏರಿದೆ. ಟಿಎಸ್‌ಎಚ್ ಥೈರಾಯ್ಡ್ ತಯಾರಿಸುವ ಹಾರ್ಮೋನೇ ಅಲ್ಲ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕೊಡುವ ಆದೇಶ ಅದು. ಇಷ್ಟು ಸಣ್ಣ ಸಂಗತಿ ಸ್ಪಷ್ಟವಾಗದೆ ಹೋಗಿರುವುದರಿಂದ ಮಾತ್ರೆಯ ಪ್ರಮಾಣದಿಂದ ಹಿಡಿದು ಅಡುಗೆಮನೆಯ ಉಪ್ಪಿನವರೆಗೆ ಅನೇಕ ತೀರ್ಮಾನಗಳು ತಪ್ಪು ದಿಕ್ಕಿನಲ್ಲಿ ಸಾಗುತ್ತಿವೆ ಎಂಬುದು ನನ್ನ ಆತಂಕ.

ಹಾರ್ಮೋನುಗಳ ಕುರಿತು ನಮಗಿರುವ ವೈಜ್ಞಾನಿಕ ತಿಳಿವಳಿಕೆಗೆ ಇನ್ನೂ ನೂರ ಮೂವತ್ತು ವರ್ಷವೂ ಆಗಿಲ್ಲ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅವರು, ನರಗಳ ಸಂಪರ್ಕವನ್ನು ಕಡಿದರೂ ಸಣ್ಣ ಕರುಳು ರಕ್ತದ ಮೂಲಕವೇ ಮೇದೋಜೀರಕ ಗ್ರಂಥಿಗೆ ಸೂಚನೆ ಕಳಿಸಬಲ್ಲದು ಎಂದು ತೋರಿಸಿದರು. ಮೂರು ವರ್ಷಗಳ ನಂತರ, 1905ರಲ್ಲಿ, ಸ್ಟಾರ್ಲಿಂಗ್ ಅವರು ಇಂಥ ವಸ್ತುಗಳನ್ನು ಹಾರ್ಮೋನು ಎಂದು ಕರೆದರು. ನಾಳವಿಲ್ಲದೆ ನೇರವಾಗಿ ರಕ್ತಕ್ಕೆ ಸ್ರವಿಸುವುದರಿಂದ ಇವುಗಳ ಮೂಲವಾದ ಗ್ರಂಥಿಗಳನ್ನು ನಾವು ನಿರ್ನಾಳ ಗ್ರಂಥಿಗಳೆನ್ನುತ್ತೇವೆ. ಆದರೆ ಎಲ್ಲ ಹಾರ್ಮೋನುಗಳೂ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ ಎಂಬುದು ಶಾಲೆಯ ಪಾಠದಲ್ಲಿ ಹಿಂದೆ ಸರಿದುಬಿಡುತ್ತದೆ. ತೋಟದ ಬಸಿಗಾಲುವೆ ದಾಟುವಾಗ ಕಾಲ ಬುಡದಲ್ಲೇ ಕೊಳಕುಮಂಡಲ ಕಂಡರೆ ಅಡ್ರಿನಲಿನ್ ಕೆಲವೇ ಕ್ಷಣಗಳಲ್ಲಿ ಎದೆ ಬಡಿತ ಏರಿಸುತ್ತದೆ, ಕೆಲವು ನಿಮಿಷಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಊಟದ ನಂತರ ಸ್ರವಿಸುವ ಇನ್ಸುಲಿನ್ನಿನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು, ಸುಮಾರು ಐದು ನಿಮಿಷ, ಕಾರ್ಟಿಸೋಲಿನದು ಒಂದರಿಂದ ಒಂದೂವರೆ ಗಂಟೆ. ಥೈರಾಯ್ಡಿನ ಮುಖ್ಯ ಹಾರ್ಮೋನಾದ ಟಿ4, ಅಂದರೆ ಥೈರಾಕ್ಸಿನ್, ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಥೈರಾಯ್ಡ್ ಕುರಿತ ಬಹುತೇಕ ಗೊಂದಲಗಳ ಮೂಲ ಈ ನಿಧಾನದಲ್ಲಿದೆ.

ಗಂಟಲ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಿರುವ ಈ ಗ್ರಂಥಿಯ ತೂಕ ವಯಸ್ಕರಲ್ಲಿ ಹದಿನೈದರಿಂದ ಇಪ್ಪತ್ತು ಗ್ರಾಂ. ಆಹಾರದಿಂದ ಬಂದ ಅಯೋಡಿನ್ನನ್ನು ರಕ್ತದಿಂದ ಹೀರಿ, ಒಂದು ಪ್ರೋಟೀನಿಗೆ ಜೋಡಿಸಿ, ಎರಡು ಮೂರು ತಿಂಗಳಿಗೆ ಸಾಲುವಷ್ಟು ಹಾರ್ಮೋನನ್ನು ಅದು ತನ್ನೊಳಗೇ ದಾಸ್ತಾನು ಮಾಡಿಕೊಂಡಿರುತ್ತದೆ. ಬೇರೆ ಯಾವ ನಿರ್ನಾಳ ಗ್ರಂಥಿಯೂ ಇಷ್ಟು ದೊಡ್ಡ ದಾಸ್ತಾನು ಇಟ್ಟುಕೊಳ್ಳುವುದಿಲ್ಲ. ಹೊರಬರುವುದರಲ್ಲಿ ಹೆಚ್ಚಿನ ಪಾಲು ಟಿ4. ಅದು ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳಲ್ಲಿ ಒಂದು ಅಯೋಡಿನ್ ಪರಮಾಣುವನ್ನು ಕಳಚಿಕೊಂಡು ಹೆಚ್ಚು ಪ್ರಬಲವಾದ ಟಿ3 ಆಗುತ್ತದೆ. ಟಿ3 ಜೀವಕೋಶದ ಕೇಂದ್ರಕ್ಕೆ ಹೋಗಿ ಯಾವ ವಂಶವಾಹಿ ಕೆಲಸ ಮಾಡಬೇಕು ಎಂಬುದನ್ನೇ ಪ್ರಭಾವಿಸುವುದರಿಂದ ದೇಹದ ಶಾಖ, ಹೃದಯದ ಗತಿ, ಕರುಳಿನ ಚಲನೆ, ಮುಟ್ಟಿನ ಕ್ರಮ, ಚರ್ಮ, ಕೂದಲು, ಮನಸ್ಸಿನ ಚುರುಕು ಎಲ್ಲವೂ ಅದರ ಹಿಡಿತಕ್ಕೆ ಬರುತ್ತವೆ.

ಈ ಪ್ರಮಾಣವನ್ನು ಅಳೆಯುತ್ತ ಕೂರುವುದು ಮಿದುಳಿನ ಹೈಪೊಥಲಾಮಸ್ ಮತ್ತು ಅದರ ಕೆಳಗಿನ ಪಿಟ್ಯುಟರಿ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಪಿಟ್ಯುಟರಿ ಟಿಎಸ್‌ಎಚ್ ಏರಿಸುತ್ತದೆ, ಹೆಚ್ಚಾದರೆ ಇಳಿಸುತ್ತದೆ. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಹಂಡೆಗೆ ಬೆಂಕಿ ಹಾಕಿದವರಿಗೆ ಇದರ ಸ್ವಭಾವ ಗೊತ್ತಿರುತ್ತದೆ. ನೀರು ತಣ್ಣಗಿದೆ ಎಂದು ಕಟ್ಟಿಗೆ ಮುಂದೆ ನೂಕಿದ ಕೂಡಲೇ ಹಂಡೆ ಕಾಯುವುದಿಲ್ಲ, ತಡವಾಯಿತೆಂದು ಅವಸರದಲ್ಲಿ ಇನ್ನೆರಡು ಕೊಳ್ಳಿ ತುರುಕಿದರೆ ಅರ್ಧ ಗಂಟೆಯ ಮೇಲೆ ನೀರು ಮುಟ್ಟಲಾಗದಷ್ಟು ಸುಡುತ್ತದೆ. ಥೈರಾಕ್ಸಿನ್ ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಮತ್ತೆ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳುವುದಕ್ಕೆ ಕಾರಣವಿದೇ. ರಕ್ತದಲ್ಲಿ ಟಿ4 ಹೊಸ ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ ಹಿಡಿಯುತ್ತದೆ, ಪಿಟ್ಯುಟರಿ ಅದಕ್ಕೆ ಹೊಂದಿಕೊಳ್ಳಲು ಇನ್ನಷ್ಟು ಸಮಯ ಬೇಕು. ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿ, 'ಇನ್ನೂ ಇಳಿದಿಲ್ಲ' ಎಂದು ತಾವಾಗಿಯೇ ಮಾತ್ರೆ ಹೆಚ್ಚಿಸಿಕೊಳ್ಳುವವರು ಎರಡು ತಿಂಗಳ ನಂತರ ಎದೆ ಬಡಿತ, ಕೈನಡುಕ, ನಿದ್ದೆಗೆಡುವಿಕೆಯಿಂದ ಬಳಲುತ್ತಾರೆ. ವಯಸ್ಸಾದವರಲ್ಲಿ ಇದು ಹೃದಯದ ಲಯ ತಪ್ಪಿಸುವ, ಮೂಳೆ ಸವೆಸುವ ಮಟ್ಟಕ್ಕೂ ಹೋಗಬಹುದು.

ಟಿಎಸ್‌ಎಚ್ ಅಂಕಿಯು ಇಷ್ಟೊಂದು ಜಿಗಿಯುವುದೇಕೆ ಎಂಬುದನ್ನೂ ಹೇಳಬೇಕು. ಟಿ4 ಪ್ರಮಾಣ ಅರ್ಧಕ್ಕಿಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ಸುಮಾರು ನೂರು ಪಟ್ಟು ಏರಬಲ್ಲದು. ಈ ಸೂಕ್ಷ್ಮತೆಯಿಂದಾಗಿಯೇ ಅದು ಒಳ್ಳೆಯ ಪರೀಕ್ಷೆ. ಆದರೆ ಅದೇ ಕಾರಣಕ್ಕೆ 5 ಇದ್ದದ್ದು 7 ಆಯಿತೆಂದು ಕಾಯಿಲೆ ಅಷ್ಟರಮಟ್ಟಿಗೆ ಉಲ್ಬಣಿಸಿತು ಎಂದು ಲೆಕ್ಕ ಹಾಕುವಂತಿಲ್ಲ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನ ಇಳಿಯುತ್ತದೆ, ಜ್ವರದಂಥ ಕಾಯಿಲೆಯಿಂದ ಎದ್ದ ಮೇಲೆ ಕೆಲವು ವಾರ ಏರುಪೇರಾಗುತ್ತದೆ, ವಯಸ್ಸಾದಂತೆ ತಾನಾಗಿಯೇ ಸ್ವಲ್ಪ ಹೆಚ್ಚುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯು ಕೆಲವು ಲ್ಯಾಬ್ ವಿಧಾನಗಳಲ್ಲಿ ಅಂಕಿಯನ್ನೇ ತಪ್ಪಾಗಿ ತೋರಿಸಬಲ್ಲದು. ಟಿ4 ಸರಿಯಾಗಿದ್ದು ಟಿಎಸ್‌ಎಚ್ ಮಾತ್ರ ಮಿತಿಯನ್ನು ತುಸು ದಾಟಿದ್ದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡುವುದು ಸರಿಯಾದ ಕ್ರಮ. ಎಷ್ಟೋ ಮಂದಿಯಲ್ಲಿ ಅದು ತಾನಾಗಿಯೇ ಮಿತಿಯೊಳಗೆ ಬರುತ್ತದೆ. ಸಾಮಾನ್ಯವಾಗಿ 10 ದಾಟಿದಾಗ ಚಿಕಿತ್ಸೆಯ ಬಗ್ಗೆ ಗಟ್ಟಿಯಾಗಿ ಯೋಚಿಸುತ್ತಾರೆ. ಗರ್ಭಿಣಿಯರ ಮತ್ತು ಮಗುವಿಗಾಗಿ ಪ್ರಯತ್ನಿಸುತ್ತಿರುವವರ ಲೆಕ್ಕವೇ ಬೇರೆ. ಒಂದೇ ಒಂದು ವರದಿಯ ಮೇಲೆ ಜೀವಮಾನದ ಮಾತ್ರೆಗೆ ಒಪ್ಪಿಕೊಳ್ಳುವುದು ಅವಸರ, ಸ್ಪಷ್ಟ ಕೊರತೆಯಿದ್ದವರು ಮಾತ್ರೆ ಬಿಡುವುದು ಅದಕ್ಕಿಂತ ದೊಡ್ಡ ಅಪಾಯ.

ಮಾತ್ರೆ ನಿಜವಾಗಿ ಬೇಕಾದವರ ವಿಷಯಕ್ಕೆ ಬಂದರೆ, ಮಲೆನಾಡಿನ ಬೆಳಗೇ ಅದಕ್ಕೊಂದು ತೊಡಕು. ಇಲ್ಲಿ ಎದ್ದು ಮುಖ ತೊಳೆದ ಕೂಡಲೇ ಕಾಫಿ ಆಗಬೇಕು, ಅದೂ ಗಟ್ಟಿ ಡಿಕಾಕ್ಷನ್ನಿನ, ಹಾಲು ಹಾಕಿದ ಕಾಫಿ. ಥೈರಾಕ್ಸಿನ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಮಿಕ್ಕಿದ್ದನ್ನು ಕುಡಿಯಬೇಕು. ಕಾಫಿಯೊಂದಿಗೆ ನುಂಗಿದರೆ ಕರುಳು ಅದನ್ನು ಹೀರುವ ಪ್ರಮಾಣ ಕುಗ್ಗುತ್ತದೆ, ಹಾಲಿನ ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತದೆ. ಐದೂವರೆಗೆ ಎದ್ದು ದನದ ಕೊಟ್ಟಿಗೆ, ಒಲೆ, ಮಕ್ಕಳ ಬುತ್ತಿ ಎಂದು ಓಡಾಡುವ ಹೆಂಗಸಿಗೆ 'ಒಂದು ಗಂಟೆ ಕಾಫಿ ಕುಡಿಯಬೇಡಿ' ಎಂದು ಹೇಳಿ ಕಳಿಸುವುದು ಸುಲಭ, ಪಾಲಿಸುವುದು ಸುಲಭವಲ್ಲ. ಪಾಲಿಸಲಾಗದ್ದನ್ನು ಆಕೆ ವೈದ್ಯರ ಮುಂದೆ ಹೇಳಿಕೊಳ್ಳುವುದೂ ಇಲ್ಲ. ಟಿಎಸ್‌ಎಚ್ ಇಳಿಯದಿದ್ದಾಗ ಮಾತ್ರೆ 50ರಿಂದ 75ಕ್ಕೆ, 75ರಿಂದ 100 ಮೈಕ್ರೋಗ್ರಾಮಿಗೆ ಏರುತ್ತ ಹೋಗುತ್ತದೆ. ಇಂಥವರಿಗೆ ರಾತ್ರಿ ಊಟವಾಗಿ ಮೂರು ಗಂಟೆಯ ನಂತರ, ಮಲಗುವಾಗ ನುಂಗುವ ಕ್ರಮವೂ ಇದೆ. ಮಲೆನಾಡಿನಲ್ಲಿ ರಾತ್ರಿಯೂಟ ಬೇಗ ಮುಗಿಸುವ ಮನೆಗಳಿಗೆ ಅದು ಹೊಂದುತ್ತದೆ ಎಂದು ನನಗೆ ತೋರುತ್ತದೆ. ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬಹುದು, ಒಮ್ಮೆ ಆರಿಸಿಕೊಂಡ ಹೊತ್ತನ್ನು ಮಾತ್ರ ದಿನಕ್ಕೊಂದರಂತೆ ಬದಲಿಸಬಾರದು. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಥೈರಾಕ್ಸಿನ್ನಿಗೂ ನಡುವೆ ನಾಲ್ಕು ಗಂಟೆ ಅಂತರವಿರಬೇಕು.

ಕಾರ್ಗಾಲದ ತೇವ ಇನ್ನೊಂದು ತೊಡಕು. ಈ ಮಾತ್ರೆಗೆ ಬೆಳಕು, ಶಾಖ, ತೇವ ಮೂರೂ ಆಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಗಳಲ್ಲಿ, ನೂರು ಮಾತ್ರೆಯ ಬಾಟಲಿಯಿಂದ ವಾರಕ್ಕಾಗುವಷ್ಟನ್ನು ತೆಗೆದು ಕಾಗದದ ಪೊಟ್ಟಣದಲ್ಲೋ ತೆರೆದ ಡಬ್ಬಿಯಲ್ಲೋ ಇಟ್ಟುಕೊಂಡರೆ ಅದರ ಶಕ್ತಿ ಕುಂದುತ್ತದೆ. ಬಾಟಲಿಯೊಳಗಿನ ತೇವ ಹೀರುವ ಪುಟ್ಟ ಚೀಲವನ್ನು ಎಸೆಯದೆ, ಮುಚ್ಚಳ ಬಿಗಿಯಾಗಿ ಹಾಕಿ, ಒಲೆಯಿಂದಲೂ ಬಚ್ಚಲಿನಿಂದಲೂ ದೂರ ಇಡುವುದಷ್ಟೇ ಇದಕ್ಕೆ ಪರಿಹಾರ.

ವರದಿಯನ್ನು ಓದುವಾಗ ಇನ್ನೊಂದು ನಮೂನೆಯೂ ಕಾಣುತ್ತದೆ. ಟಿ4 ಚೆನ್ನಾಗಿದೆ, ಟಿಎಸ್‌ಎಚ್ ಮಾತ್ರ 20ರ ಮೇಲಿದೆ. ತಿಂಗಳುಗಟ್ಟಲೆ ಮಾತ್ರೆ ಮರೆತು, ಪರೀಕ್ಷೆ ಹತ್ತಿರ ಬಂತೆಂದು ವಾರದಿಂದ ಬಿಡದೆ ನುಂಗಿದವರಲ್ಲಿ ಹೀಗಾಗುತ್ತದೆ. ಟಿ4 ವಾರದಲ್ಲಿ ಏರಿತು, ಪಿಟ್ಯುಟರಿ ಇನ್ನೂ ಹಿಂದಿನ ತಿಂಗಳ ಕೊರತೆಗೇ ಉತ್ತರ ಕೊಡುತ್ತಿದೆ. ಇಲ್ಲಿ ಬೇಕಾದದ್ದು ಹೆಚ್ಚಿನ ಮಾತ್ರೆಯಲ್ಲ, ಬಯ್ಯದೆ ಕೇಳುವ ವೈದ್ಯರು ಮತ್ತು ಅಳುಕದೆ ಹೇಳುವ ರೋಗಿ.

ಇಷ್ಟೊಂದು ಜನರಲ್ಲಿ ಈ ಕೊರತೆ ಏಕೆ? 2013ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳ ಅಧ್ಯಯನವು ವಯಸ್ಕರಲ್ಲಿ ಸುಮಾರು ಶೇ 11ರಷ್ಟು ಮಂದಿಗೆ ಥೈರಾಯ್ಡ್ ಕೊರತೆಯಿದೆ ಎಂದು ಕಂಡುಕೊಂಡಿತು. ಇಂದು ಇದರ ದೊಡ್ಡ ಕಾರಣ, 1912ರಲ್ಲಿ ಜಪಾನಿನ ವೈದ್ಯ ಹಾಶಿಮೊಟೊ ವಿವರಿಸಿದ ಕಾಯಿಲೆ. ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಕೋಶಗಳನ್ನು ಪರಕೀಯವೆಂದು ತಿಳಿದು ವರ್ಷಗಟ್ಟಲೆ ನಿಧಾನವಾಗಿ ನಾಶ ಮಾಡುತ್ತ ಹೋಗುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಆದರೆ ಮಲೆನಾಡಿನಂಥ ಸೀಮೆಯಲ್ಲಿ ಇದಕ್ಕಿಂತ ಹಳೆಯದಾದ ಇನ್ನೊಂದು ಕಾರಣವಿತ್ತು, ಅದು ನೆಲದ್ದು.

ಅಯೋಡಿನ್ ನೀರಿನಲ್ಲಿ ಸುಲಭವಾಗಿ ಕರಗಿ ಹರಿದುಹೋಗುವ ಧಾತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಇಳಿಜಾರುಗಳ ಮೇಲ್ಮಣ್ಣನ್ನು ಸಾವಿರಾರು ವರ್ಷಗಳಿಂದ ಹೀಗೆ ತೊಳೆಯುತ್ತಲೇ ಬಂದಿರುವ ಮಳೆಯು ಅಯೋಡಿನ್ನನ್ನೂ ಹೊಳೆ ಸೇರಿಸಿ ಸಮುದ್ರಕ್ಕೆ ಒಯ್ದಿದೆ. ಅರಬ್ಬೀ ಸಮುದ್ರ ಘಟ್ಟದ ಬುಡದಲ್ಲೇ ಇದ್ದರೂ ಘಟ್ಟದ ಮೇಲಿನ ಗದ್ದೆಯ ಭತ್ತದಲ್ಲಿ, ಹಿತ್ತಲ ತರಕಾರಿಯಲ್ಲಿ, ಬಾವಿಯ ನೀರಿನಲ್ಲಿ ಅದು ಸಾಲದು. ಕೆಳಗಿನಿಂದ ಬರುವ ಸಮುದ್ರದ ಮೀನು ತಿನ್ನುವ ಮನೆಗಳಿಗೆ ಸ್ವಲ್ಪ ಸಿಗುತ್ತಿತ್ತು, ತಿನ್ನದ ಮನೆಗಳಿಗೆ ಅದೂ ಇಲ್ಲ. ನೆರೆಯ ಚಿಕ್ಕಮಗಳೂರು ಜಿಲ್ಲೆಯ ಹೆಸರು ಗಳಗಂಡ ಕಾಣುವ ಜಿಲ್ಲೆಗಳ ಸಾಲಿನಲ್ಲಿ ಬಹುಕಾಲದಿಂದ ಇದೆ. ಗಳಗಂಡವೂ ಹಾರ್ಮೋನುಗಳ ಇದೇ ಮಾತುಕತೆಯ ಫಲ. ಅಯೋಡಿನ್ ಇಲ್ಲದೆ ಹಾರ್ಮೋನು ತಯಾರಾಗುವುದಿಲ್ಲ, ತಯಾರಾಗದಿದ್ದಕ್ಕೆ ಪಿಟ್ಯುಟರಿ ಟಿಎಸ್‌ಎಚ್ ಸುರಿಸುತ್ತಲೇ ಇರುತ್ತದೆ, ಆ ಒತ್ತಡಕ್ಕೆ ಗ್ರಂಥಿ ಊದಿಕೊಳ್ಳುತ್ತದೆ.

ಇದಕ್ಕೆ ಉಪ್ಪಿನ ಮೂಲಕ ಪರಿಹಾರ ಸಾಧ್ಯವೆಂದು ನಮ್ಮ ದೇಶದಲ್ಲಿ ಸಾಬೀತಾದದ್ದು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪನ್ನೂ ಒಂದಕ್ಕೆ ಮಾಮೂಲಿ ಉಪ್ಪನ್ನೂ ಒದಗಿಸಿದರು. ಕೆಲವೇ ವರ್ಷಗಳಲ್ಲಿ ಆ ಎರಡು ಭಾಗಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು, 1992ರಲ್ಲಿ ಅದರ ಹೆಸರು ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳನ್ನು ಒಳಗೊಳ್ಳುವಂತೆ ಬದಲಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ಊಟದ ಬಳಕೆಗೆ ಮಾರುವುದರ ಮೇಲಿನ ನಿಷೇಧವನ್ನು 2000ದಲ್ಲಿ ತೆಗೆದುಹಾಕಿ, ಮತ್ತೆ 2006ರ ಮೇ 17ರಿಂದ ದೇಶದಾದ್ಯಂತ ಜಾರಿಗೆ ತಂದರು.

ಈಗ ಹಿಂದಕ್ಕೆ ಸರಿಯುವ ಒಲವು ಕಾಣುತ್ತಿದೆ. ಪುಡಿ ಉಪ್ಪು ರಾಸಾಯನಿಕ, ಕಲ್ಲುಪ್ಪು ಸಹಜ, ಸೈಂಧವ ಲವಣ ಔಷಧಿ ಎಂಬ ಮಾತು ಮೊಬೈಲಿನ ವಿಡಿಯೊಗಳಿಂದ ಹಿಡಿದು ಮದುವೆಮನೆಯ ಪಂಕ್ತಿಯವರೆಗೆ ಹಬ್ಬಿದೆ. ಶುದ್ಧವಾದದ್ದನ್ನು ತಿನ್ನಬೇಕೆಂಬ ಹಂಬಲವನ್ನು ನಾನು ಗೌರವಿಸುತ್ತೇನೆ, ಆದರೆ ಲೆಕ್ಕ ಇದಕ್ಕೆ ಒಪ್ಪುವುದಿಲ್ಲ. ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಗರ್ಭಿಣಿಯರಿಗೆ 250. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವೂ 60 ಮೈಕ್ರೋಗ್ರಾಮಿನಷ್ಟು ಅಯೋಡಿನ್ನೂ ಇರುತ್ತವೆ. ಆಗರದಲ್ಲಿ ನೀರು ಇಂಗಿ ಉಪ್ಪಾಗುವಾಗ ಅದಷ್ಟೂ ಉಳಿಯಿತೆಂದೇ ಇಟ್ಟುಕೊಂಡರೂ ಹತ್ತು ಗ್ರಾಂ ಕಲ್ಲುಪ್ಪಿನಲ್ಲಿ ಸಿಗುವುದು 17 ಮೈಕ್ರೋಗ್ರಾಂ ಮಾತ್ರ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು ಘಟ್ಟ ಹತ್ತಿ ಬರುತ್ತಿದ್ದ ಕಾಲದಲ್ಲೂ ಗಳಗಂಡ ತಪ್ಪದಿರುವುದಕ್ಕೆ ಈ ಲೆಕ್ಕವೇ ಸಾಕು. ಗಣಿಯಿಂದ ತೆಗೆದ ಸೈಂಧವದಲ್ಲೂ ಸ್ವಾಭಾವಿಕ ಅಯೋಡಿನ್ ಅತ್ಯಲ್ಪ. ಮಾರಾಟದ ಹಂತದಲ್ಲಿ 15 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 15 ಭಾಗ) ಇರಬೇಕಾದ ಅಯೋಡಿನ್ ಉಪ್ಪಿನಿಂದ ಅದೇ ಹತ್ತು ಗ್ರಾಮಿಗೆ 150 ಮೈಕ್ರೋಗ್ರಾಂ ಸಿಗುತ್ತದೆ. ಅಪ್ಪೆಮಿಡಿ ಹಾಕಲು ಕಲ್ಲುಪ್ಪೇ ಬೇಕೆನ್ನುವವರು ಅದಕ್ಕೆ ಬಳಸಲಿ, ದಿನದ ಸಾರು ಪಲ್ಯಕ್ಕೆ ಅಯೋಡಿನ್ ಉಪ್ಪೇ ಇರಲಿ. ರಕ್ತದೊತ್ತಡದ ದೃಷ್ಟಿಯಿಂದ ಉಪ್ಪನ್ನು ದಿನಕ್ಕೆ ಐದು ಗ್ರಾಮಿಗೆ ಇಳಿಸಬೇಕೆಂಬ ಸಲಹೆ ಸರಿಯಾದದ್ದೇ. ಉಪ್ಪು ಕಡಿಮೆಯಾದಷ್ಟೂ ಅದರಲ್ಲಿ ಅಯೋಡಿನ್ ಸರಿಯಾಗಿರುವುದು ಇನ್ನೂ ಮುಖ್ಯವಾಗುತ್ತದೆ.

ಅಯೋಡಿನ್ ಹೆಚ್ಚಾದರೆ ಹಾಶಿಮೊಟೊ ಕಾಯಿಲೆ ಬರುವುದಿಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಕೊರತೆಯಿದ್ದ ಕಡೆ ಉಪ್ಪಿಗೆ ಅಯೋಡಿನ್ ಸೇರಿಸಿದ ಮೇಲೆ ಇಂಥ ಕಾಯಿಲೆ ಸ್ವಲ್ಪ ಹೆಚ್ಚಿದ ನಿದರ್ಶನಗಳಿವೆ. ಆದರೆ ಕೊರತೆಯು ಮಕ್ಕಳ ಮಿದುಳಿಗೆ ಮಾಡುವ ಹಾನಿಯ ಮುಂದೆ ಇದು ಚಿಕ್ಕದು, ಮಾತ್ರೆಯಿಂದ ಸರಿಪಡಿಸಬಹುದಾದದ್ದು. ಈಗಾಗಲೇ ಥೈರಾಕ್ಸಿನ್ ನುಂಗುವವರು ಅಡುಗೆಯ ಮಾಮೂಲಿ ಉಪ್ಪನ್ನು ಬಿಡಬೇಕಾಗಿಲ್ಲ, ಕಡಲಪಾಚಿಯಂಥ ಹೆಚ್ಚು ಅಯೋಡಿನ್ ತುಂಬಿದ ಪೂರಕಗಳಿಂದ ಮಾತ್ರ ದೂರವಿರಬೇಕು.

ಅಂಗಡಿಯಿಂದ ತಂದದ್ದು ಅಯೋಡಿನ್ ಉಪ್ಪೇ ಆದರೂ ಮಲೆನಾಡಿನ ಮಳೆಗಾಲ ಅದನ್ನು ಸುಮ್ಮನೆ ಬಿಡುವುದಿಲ್ಲ. ಮುಚ್ಚಳ ಸಡಿಲವಿರುವ ಜಾಡಿಯಲ್ಲಿ ಉಪ್ಪು ನೀರೊಡೆದು ತಳದಲ್ಲಿ ನಿಲ್ಲುತ್ತದೆ, ಮೇಲಿನ ಉಪ್ಪಿನ ಅಯೋಡಿನ್ ಆ ನೀರಿನೊಂದಿಗೇ ಇಳಿದಿರುತ್ತದೆ. ನೀರು ಬಸಿದು ಚೆಲ್ಲಿದರೆ ಉಳಿಯುವುದು ಸಪ್ಪೆಯಲ್ಲದಿದ್ದರೂ ಅಯೋಡಿನ್ ಕಳೆದುಕೊಂಡ ಉಪ್ಪು. ಸಣ್ಣ ಪ್ಯಾಕೆಟ್ ತರುವುದು, ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿ ಒಲೆಯಿಂದ ದೂರ ಇಡುವುದು, ಅಡುಗೆ ಇಳಿಸುವ ಹೊತ್ತಿಗೆ ಉಪ್ಪು ಹಾಕುವುದು, ಇಷ್ಟು ಮಾಡಿದರೆ ನಷ್ಟ ಕಡಿಮೆ. 2018-19ರ ರಾಷ್ಟ್ರೀಯ ಅಯೋಡಿನ್ ಸಮೀಕ್ಷೆಯ ಪ್ರಕಾರ ಸಾಕಷ್ಟು ಅಯೋಡಿನ್ ಇರುವ ಉಪ್ಪು ಬಳಸುವ ಕುಟುಂಬಗಳು ದೇಶದಲ್ಲಿ ಶೇ 76.3. ಅಂದರೆ ಸುಮಾರು ನಾಲ್ಕರಲ್ಲೊಂದು ಮನೆಯ ಉಪ್ಪು ಇನ್ನೂ ಸಾಲದು. ಉಪ್ಪಿನ ಮೇಲೆ ಒಂದು ಹನಿ ದ್ರಾವಣ ಬಿಟ್ಟು, ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆಯೇ ಎಂದು ನೋಡುವ ಅಗ್ಗದ ಕಿಟ್ ಇದೆ. ಕೊರತೆಯಿರುವ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಬಳಸಲೆಂದೇ ಇರುವ ಈ ಪರೀಕ್ಷೆ ಮಳೆಗಾಲದಲ್ಲಿ ನಡೆದರೆ ಹೆಚ್ಚು ಉಪಯುಕ್ತ.

ಕಳಲೆ, ಕೋಸು, ಮರಗೆಣಸು ತಿನ್ನಬಾರದೆಂಬ ಭಯವೂ ಇದೆ. ಎಳೆ ಬಿದಿರಿನಲ್ಲಿರುವ ಸಯನೈಡ್ ಜನಕ ಅಂಶಗಳು ದೇಹದಲ್ಲಿ ಥಯೋಸಯನೇಟ್ ಆಗಿ, ಥೈರಾಯ್ಡ್ ಅಯೋಡಿನ್ ಹೀರುವುದನ್ನು ತಡೆಯಬಲ್ಲವು ಎಂಬುದು ನಿಜ. ಆದರೆ ಕಳಲೆಯನ್ನು ಹೆಚ್ಚಿ ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಚೆಲ್ಲಿ ಹೊಸ ನೀರು ಹಾಕಿ, ಆಮೇಲೆ ಬೇಯಿಸುವ ನಮ್ಮ ಕ್ರಮದಲ್ಲೇ ಅದರ ಬಹುಪಾಲು ಹೊರಟುಹೋಗುತ್ತದೆ. ಮನೆಯ ಉಪ್ಪು ಸರಿಯಿದ್ದರೆ ಮಳೆಗಾಲದಲ್ಲಿ ನಾಲ್ಕಾರು ಸಲ ಕಳಲೆ ಪಲ್ಯ ತಿನ್ನಲು ಹೆದರಬೇಕಾಗಿಲ್ಲ.

ಇಷ್ಟೆಲ್ಲ ನಿಧಾನದ ವ್ಯವಸ್ಥೆಯಲ್ಲಿ ತಡ ಮಾಡಲೇಬಾರದ ಎರಡು ಘಟ್ಟಗಳಿವೆ. ಒಂದು ಗರ್ಭಧಾರಣೆಯ ಮೊದಲ ವಾರಗಳು. ಸುಮಾರು ಹನ್ನೆರಡು ವಾರದವರೆಗೆ ಭ್ರೂಣದ ಥೈರಾಯ್ಡ್ ಕೆಲಸಕ್ಕೆ ತೊಡಗಿರುವುದಿಲ್ಲ, ಅದರ ಮಿದುಳು ಬೆಳೆಯಲು ಬೇಕಾದ ಹಾರ್ಮೋನು ತಾಯಿಯಿಂದಲೇ ಬರಬೇಕು. ಮೊದಲೇ ಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವ ಹೆಂಗಸರಲ್ಲಿ ಹೆಚ್ಚಿನವರಿಗೆ ಗರ್ಭಿಣಿಯಾದ ಮೇಲೆ ಶೇ 25ರಿಂದ 50ರಷ್ಟು ಹೆಚ್ಚು ಮಾತ್ರೆ ಬೇಕಾಗುತ್ತದೆ. ಆದರೆ ನಮ್ಮಲ್ಲಿ ಆಗುವುದು ಹಲವು ಸಲ ಇದರ ವಿರುದ್ಧ. 'ಬಸುರಿ, ಬೇಡದ ಮಾತ್ರೆ ನುಂಗಬಾರದು' ಎಂದು ಹಿರಿಯರು ಕಾಳಜಿಯಿಂದಲೇ ನಿಲ್ಲಿಸಿಬಿಡುತ್ತಾರೆ. ಈ ಒಂದು ಮಾತ್ರೆಯನ್ನು ಮಾತ್ರ ನಿಲ್ಲಿಸುವಂತಿಲ್ಲ. ಮುಟ್ಟು ತಪ್ಪಿದ್ದು ತಿಳಿದ ಕೂಡಲೇ ಟಿಎಸ್‌ಎಚ್ ನೋಡಿಸಬೇಕು, ತಾಯಿ ಕಾರ್ಡ್ ಮಾಡಿಸಲು ಹೋದಾಗಲೇ ಥೈರಾಯ್ಡ್ ಇರುವುದನ್ನು ಹೇಳಬೇಕು, ಅಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಟ್ಟುಕೊಳ್ಳಬೇಕು.

ಇನ್ನೊಂದು ಘಟ್ಟ ಹುಟ್ಟಿದ ಮೊದಲ ಎರಡು ವಾರ. ಭಾರತದಲ್ಲಿ ಸುಮಾರು ಸಾವಿರ ಶಿಶುಗಳಿಗೆ ಒಂದರಂತೆ ಥೈರಾಯ್ಡ್ ಕೊರತೆಯೊಂದಿಗೇ ಹುಟ್ಟುತ್ತವೆ. ತಾಯಿಯಿಂದ ಬಂದ ಹಾರ್ಮೋನು ಇನ್ನೂ ರಕ್ತದಲ್ಲಿರುವುದರಿಂದ ಅಂಥ ಮಗು ಮೊದಲಿಗೆ ಎಲ್ಲ ಮಕ್ಕಳಂತೆಯೇ ಕಾಣುತ್ತದೆ, ಹೆಚ್ಚು ಅಳದೆ ಚೆನ್ನಾಗಿ ನಿದ್ದೆ ಮಾಡುವ ಒಳ್ಳೆಯ ಕೂಸು ಎಂದೂ ಅನ್ನಿಸಿಕೊಳ್ಳುತ್ತದೆ. ಲಕ್ಷಣಗಳು ಎದ್ದು ಕಾಣುವ ಹೊತ್ತಿಗೆ ಮಿದುಳಿಗಾದ ಹಾನಿಯನ್ನು ಪೂರ್ತಿ ಸರಿಪಡಿಸಲಾಗುವುದಿಲ್ಲ. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಟಿಎಸ್‌ಎಚ್ ನೋಡಿದರೆ ಇದು ಗೊತ್ತಾಗುತ್ತದೆ. ಹುಟ್ಟಿದ ಕೂಡಲೇ ಪ್ರತಿಯೊಂದು ಶಿಶುವಿನಲ್ಲೂ ಟಿಎಸ್‌ಎಚ್ ಜೋರಾಗಿ ಏರಿ ಇಳಿಯುವುದರಿಂದ 48 ಗಂಟೆ ಕಳೆದ ಮೇಲೆ ತೆಗೆಯುವುದು ವಾಡಿಕೆ. ನೆರೆಯ ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಈ ತಪಾಸಣೆ ನಡೆಯುತ್ತದೆ. ಮಲೆನಾಡಿನಲ್ಲಿ ರಕ್ತ ತೆಗೆಯುವುದಕ್ಕಿಂತ, ಫಲಿತಾಂಶ ಬಂದ ದಿನ ಆ ಮಗುವನ್ನು ತಲುಪುವುದು ಕಷ್ಟ. ಬಾಣಂತಿ ತವರಿಗೆ ಹೋಗಿರುತ್ತಾಳೆ, ತವರು ಶರಾವತಿ ಹಿನ್ನೀರಿನ ಆಚೆ ಇರುತ್ತದೆ, ಮಳೆ ಹಿಡಿದರೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಆದ್ದರಿಂದ ಬಿಡುಗಡೆಯ ಹಾಳೆಯಲ್ಲಿ ಗಂಡನ ನಂಬರಿನ ಜೊತೆಗೆ ತವರಿನ ವಿಳಾಸವನ್ನೂ ಆ ಊರಿನ ಆಶಾ ಕಾರ್ಯಕರ್ತೆಯ ನಂಬರನ್ನೂ ಬರೆದುಕೊಳ್ಳಬೇಕು, ಮಗುವಿನ ಮನೆಯವರು ಕರೆಗೆ ಕಾಯದೆ ತಾವೇ ವಾರದೊಳಗೆ ಫಲಿತಾಂಶ ಕೇಳಬೇಕು. ಕೊರತೆ ಖಚಿತವಾದ ಮಗುವಿಗೆ ವೈದ್ಯರು ತೂಕ ನೋಡಿ, ಕಿಲೋಗೆ 10ರಿಂದ 15 ಮೈಕ್ರೋಗ್ರಾಂ ಲೆಕ್ಕದಲ್ಲಿ ಥೈರಾಕ್ಸಿನ್ ಬರೆದುಕೊಡುತ್ತಾರೆ. ಮಾತ್ರೆಯನ್ನು ಪುಡಿ ಮಾಡಿ ಸ್ವಲ್ಪ ಎದೆಹಾಲಿನಲ್ಲಿ ಕಲಸಿ ದಿನಕ್ಕೊಮ್ಮೆ ಚಮಚದಲ್ಲಿ ಕುಡಿಸಿದರೆ ಆಯಿತು. ಎರಡು ವಾರದೊಳಗೆ ಶುರುವಾದರೆ ಆ ಮಗು ಉಳಿದ ಮಕ್ಕಳ ಸರಿಸಮನಾಗಿ ಬೆಳೆದು ಓದುತ್ತದೆ, ಕೊರತೆ ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ಮೂರು ವರ್ಷ ತುಂಬಿದ ಮೇಲೆ ಮತ್ತೆ ನೋಡುತ್ತಾರೆ.